'ಪತ್ತೆಯಾಗಿಲ್ಲ' ಅಂದರೆ 'ಇಲ್ಲ' ಎಂದಲ್ಲ

ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎರಡರ ಸೂತ್ರವೂ ಒಂದೇ, ತೂಕವೂ ಒಂದೇ. ಪರಮಾಣುಗಳ ಜೋಡಣೆ ಮಾತ್ರ ಬೇರೆ. ಹಾಗಾಗಿ ಅಣುವಿನ ತೂಕ ಸಿಕ್ಕ ಮಾತ್ರಕ್ಕೆ ಹೆಸರು ಸಿಕ್ಕಂತಲ್ಲ. ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರ ಅಣುವನ್ನು ಒಡೆದು ಚೂರುಗಳನ್ನೂ ತೂಗುತ್ತದೆ. ಚೂರು ನೋಡಿ ಇಡೀ ಅಣುವನ್ನು ಗುರುತಿಸಲು ಕಂಪ್ಯೂಟರಿಗೆ ಕಲಿಸಿದ ಚರಿತ್ರೆ ಅರವತ್ತು ವರ್ಷದಷ್ಟು ಹಳೆಯದು.

1965ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡೆಂಡ್ರಾಲ್ ಯೋಜನೆ ಶುರುವಾಯಿತು. ನೊಬೆಲ್ ಪುರಸ್ಕೃತ ತಳಿವಿಜ್ಞಾನಿ ಜೋಶುವಾ ಲೆಡರ್‌ಬರ್ಗ್ ಅವರಿಗೆ ಮಂಗಳ ಗ್ರಹದಲ್ಲಿ ಜೀವದ ಕುರುಹು ಹುಡುಕುವ ಆಸೆ. ಅಲ್ಲಿಗೆ ಯಂತ್ರ ಕಳಿಸಬಹುದು, ರಸಾಯನ ವಿಜ್ಞಾನಿಯನ್ನು ಕಳಿಸಲಾಗದು. ಕಂಪ್ಯೂಟರ್ ವಿಜ್ಞಾನಿ ಎಡ್ವರ್ಡ್ ಫೈಗನ್‌ಬಾಮ್, ರಸಾಯನ ವಿಜ್ಞಾನಿ ಕಾರ್ಲ್ ಜೆರಾಸಿ ಮೊದಲಾದವರು ಜೊತೆಯಾದರು. ಒಂದು ಸೂತ್ರಕ್ಕೆ ಸಾಧ್ಯವಿರುವ ಜೋಡಣೆಗಳನ್ನೆಲ್ಲ ಕಂಪ್ಯೂಟರ್ ಪಟ್ಟಿ ಮಾಡಿ, ಅಳತೆಗೆ ಹೊಂದದವನ್ನು ತೆಗೆದುಹಾಕಬೇಕಿತ್ತು. ಆದರೆ ಅಣು ಸ್ವಲ್ಪ ದೊಡ್ಡದಾದರೂ ಪಟ್ಟಿ ಕೈಮೀರಿ ಬೆಳೆಯುತ್ತಿತ್ತು. ಅದನ್ನು ಹಿಡಿತಕ್ಕೆ ತಂದದ್ದು ಯಾವ ಬಂಧ ಎಲ್ಲಿ ಮುರಿಯುತ್ತದೆ ಎಂಬ ರಸಾಯನ ವಿಜ್ಞಾನಿಗಳ ಅನುಭವ. ಅದನ್ನೇ ನಿಯಮಗಳಾಗಿ ಬರೆದು ಕಂಪ್ಯೂಟರಿಗೆ ಕೊಟ್ಟರು.

ಮುಂದೆ ಗೊತ್ತಿರುವ ಅಣುಗಳ ಅಳತೆಗಳನ್ನು ಕೂಡಿಡುವ ಭಂಡಾರಗಳು ಬೆಳೆದವು. ಜಪಾನಿನಲ್ಲಿ ಶುರುವಾದ ಮಾಸ್‌ಬ್ಯಾಂಕ್ ಅಂಥದ್ದೊಂದು. ಇದು ಪೊಲೀಸರು ಬೆರಳಚ್ಚು ಹೋಲಿಸಿದಂತೆ: ದಾಖಲೆಯಲ್ಲಿಲ್ಲದ ಕಳ್ಳ ಸಿಗುವುದಿಲ್ಲ. 2015ರಲ್ಲಿ ಜರ್ಮನಿ ಮತ್ತು ಫಿನ್‌ಲ್ಯಾಂಡಿನ ಸಂಶೋಧಕರು ಪ್ರಕಟಿಸಿದ 'ಸಿಎಸ್ಐ: ಫಿಂಗರ್ಐಡಿ' ವಿಧಾನ ಈ ಮಿತಿಯನ್ನು ಸಡಿಲಿಸಿತು. ಅದು ಚೂರುಗಳಿಂದ ಅಣುವಿನ ಲಕ್ಷಣ ಊಹಿಸಿ, ಅಳತೆಯ ದಾಖಲೆ ಇಲ್ಲದ ಅಣುಗಳ ನಡುವೆಯೂ ಹುಡುಕುತ್ತದೆ. ಆದರೆ ಅಣುವಿನ ರಚನೆಯಾದರೂ ಎಲ್ಲೋ ದಾಖಲಾಗಿರಬೇಕು.

ಎಲ್ಲೂ ದಾಖಲಾಗಿರದಿದ್ದರೆ? ಅಮೆರಿಕದ ಸಿಯಾಟಲ್ ಸುತ್ತಲಿನ ಹಳ್ಳಗಳಿಗೆ ಮೊಟ್ಟೆಯಿಡಲು ಬರುತ್ತಿದ್ದ ಕೋಹೋ ಸಾಲ್ಮನ್ ಮೀನುಗಳು ಮಳೆ ಬಿದ್ದಾಗಲೆಲ್ಲ ಸಾಯುತ್ತಿದ್ದವು. ರಸ್ತೆಯಿಂದ ಹರಿದುಬಂದ ಟೈರ್ ಪುಡಿಯ ಮೇಲೆ ಅನುಮಾನವಿತ್ತು. ಟೈರ್ ನೆನೆಸಿದ ನೀರಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿದ್ದವು. ಬೇರ್ಪಡಿಸುತ್ತ ಹೋದಾಗ ಉಳಿದ ವಿಷದ ಸೂತ್ರ ಸಿಕ್ಕಿತು, ಹೆಸರು ಯಾವ ಪಟ್ಟಿಯಲ್ಲೂ ಸಿಗಲಿಲ್ಲ. ಟೈರ್ ಬಿರುಕು ಬಿಡದಂತೆ ಬೆರೆಸುವ 6ಪಿಪಿಡಿಯಲ್ಲೂ ಅಷ್ಟೇ ಇಂಗಾಲ, ಅಷ್ಟೇ ಸಾರಜನಕ ಇರುವುದನ್ನು ಸಂಶೋಧಕ ಝೆನ್ಯು ತಿಯಾನ್ ಗಮನಿಸಿದರು. 6ಪಿಪಿಡಿ ಗಾಳಿಯ ಓಝೋನ್ ಜೊತೆ ಸೇರಿ ಹೊಸ ವಸ್ತುವಾಗಿತ್ತು. 2020ರ ಡಿಸೆಂಬರ್‌ನಲ್ಲಿ ಅದು 6ಪಿಪಿಡಿ-ಕ್ವಿನೋನ್ ಎಂಬ ಹೆಸರಿನಲ್ಲಿ ಜಗತ್ತಿಗೆ ಗೊತ್ತಾಯಿತು.

ಕೆರೆಯಲ್ಲಿ ಮೀನು ಸತ್ತು ತೇಲಿದ ಸುದ್ದಿ ನಮ್ಮ ಜಿಲ್ಲೆಗಳಿಂದಲೂ ಬರುತ್ತದೆ. ಲ್ಯಾಬ್ ವರದಿಯಲ್ಲಿ 'ಪತ್ತೆಯಾಗಿಲ್ಲ' ಎಂದಿದ್ದರೆ ನಾವು ಇನ್ನೂ ಒಂದು ಪ್ರಶ್ನೆ ಕೇಳಬೇಕು: ಹುಡುಕಿದ್ದು ಯಾವ ಯಾವ ವಸ್ತುಗಳನ್ನು? ಆ ಪಟ್ಟಿ ಕೊಡಿ.