ಎಣಿಸದ ಸಾಲು

ಹೋದ ವರ್ಷ ಅಮ್ಮನ ಫೋನಿಗೊಂದು ಸಂದೇಶ ಬಂತು: ‘ನಿಮ್ಮ ನೇಮಕಾತಿ ದೃಢಪಟ್ಟಿದೆ.’ ಹುಬ್ಬಳ್ಳಿಯಿಂದ ಪುಣೆಗೆ ನನಗೆ ಫೋನ್ ಮಾಡಿ, ‘ಈ ವಯಸ್ಸಿನ್ಯಾಗ ನನಗ ಯಾರೋ ನೌಕರಿ ಕೊಟ್ಟಾರ ನೋಡು’ ಎಂದು ನಕ್ಕಳು. ಅಪಾಯಿಂಟ್‌ಮೆಂಟ್ ಎಂಬ ಪದಕ್ಕೆ ಯಾವುದೋ ಯಂತ್ರ ಹುಡುಕಿಕೊಟ್ಟ ಕನ್ನಡ ಅದು. ಅನುವಾದವೇ ಹೊಟ್ಟೆಪಾಡಾದ ನಾನೂ ನಕ್ಕೆ. ಆಮೇಲೆ ಸಂದೇಶದ ಎರಡನೇ ಸಾಲನ್ನು ಓದಿಸಿಕೊಂಡೆ. ನರರೋಗ ತಜ್ಞರು ಸಿಗುವುದು 11 ವಾರಗಳ ನಂತರ. ಅಮ್ಮನ ಬಲಗೈ ಆಗಲೇ ಚಹಾದ ಕಪ್ಪು ತುಳುಕುವಷ್ಟು ನಡುಗುತ್ತಿತ್ತು.

11 ವಾರ ಕಳೆದು ಅಮ್ಮ ಪುಣೆಗೆ ಬಂದಳು. ನಮಗೆ ಕೊಟ್ಟ ಸಮಯ ಬೆಳಿಗ್ಗೆ 10 ಗಂಟೆ. ಒಳಗೆ ಕರೆದಾಗ ಮಧ್ಯಾಹ್ನ 1.40. ಹೊರಗೆ ಬಂದಾಗ 1.46. ಡಾಕ್ಟರ್ ಮೇಲೆ ನನಗೆ ದೂರಿಲ್ಲ. ಬೆಳಗಿನಿಂದ ಅವರು ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಆ ಆರು ನಿಮಿಷದಲ್ಲೇ ಅಮ್ಮನ ಕೈ ಹಿಡಿದು, ನಡೆಸಿ, ಬರೆಸಿ ನೋಡಿದರು. ಅವರು ಕೊಟ್ಟ ಮಾತ್ರೆ ಮೂರು ವಾರದಲ್ಲಿ ನಡುಕವನ್ನು ಅರ್ಧಕ್ಕಿಳಿಸಿತು. ಅದೇ ಮಾತ್ರೆ ಎರಡೂವರೆ ತಿಂಗಳು ಮೊದಲೇ ಸಿಗಬಹುದಿತ್ತು ಎಂಬುದಷ್ಟೇ ನನ್ನ ಕೊರಗು.

ಆ ದಿನ ಬೆಂಚಿನ ಮೇಲೆ ಕೂತಿದ್ದಾಗ ಒಂದು ವಿಷಯ ಹೊಳೆಯಿತು. ನಾವು ಕಾದದ್ದು ಒಂದು ಕಾಯುವಿಕೆಯಲ್ಲ, ಎರಡು. ಮೊದಲನೆಯದು ಕ್ಯಾಲೆಂಡರಿನದು, 11 ವಾರ. ಎರಡನೆಯದು ಗಡಿಯಾರದ್ದು, ಮೂರು ಗಂಟೆ ನಲವತ್ತು ನಿಮಿಷ. ಎರಡರ ಕಾರಣವೂ ಬೇರೆ, ಇತಿಹಾಸವೂ ಬೇರೆ. ಆ ಇತಿಹಾಸ ಹುಡುಕುತ್ತಾ ಹೋದರೆ ಲಂಡನ್ನಿಗೆ ತಲುಪುತ್ತೇವೆ.

19ನೇ ಶತಮಾನದ ಆರಂಭದಲ್ಲಿ ಅಲ್ಲಿನ ಆಸ್ಪತ್ರೆಗಳು ಬಹುಪಾಲು ಧರ್ಮಾರ್ಥ ಸಂಸ್ಥೆಗಳು. ಬಡರೋಗಿ ಒಳಗೆ ಹೋಗಬೇಕಾದರೆ ಸಾಮಾನ್ಯವಾಗಿ ಚಂದಾ ಕೊಡುವ ದಾನಿಯೊಬ್ಬರ ಶಿಫಾರಸು ಪತ್ರ ತರಬೇಕಿತ್ತು. ಪತ್ರವಿಲ್ಲದ ಕಾರಣಕ್ಕೆ ಎಲ್ಲೂ ಆಸರೆ ಸಿಗದೆ ಸಾಯುತ್ತಿದ್ದ ಹುಡುಗಿಯೊಬ್ಬಳನ್ನು ಕಂಡು ವಿಲಿಯಂ ಮಾರ್ಸ್‌ಡನ್ ಎಂಬ ಶಸ್ತ್ರವೈದ್ಯ 1828ರಲ್ಲಿ ಪತ್ರವನ್ನೇ ಕೇಳದ ಆಸ್ಪತ್ರೆ ತೆರೆದ. ಅದೇ ಮುಂದೆ ರಾಯಲ್ ಫ್ರೀ ಆಸ್ಪತ್ರೆಯಾಯಿತು. ಬಾಗಿಲು ತೆರೆದಿದ್ದ ಕಡೆಗೆ ಜನ ಬಂದರು. ಶತಮಾನದ ಕೊನೆಯ ಹೊತ್ತಿಗೆ ಲಂಡನ್ನಿನ ಹೊರರೋಗಿ ವಿಭಾಗಗಳು ಕಿಕ್ಕಿರಿದಿದ್ದವು.

ಈ ಗುಂಪಿಗೆ ಅಂದಿನವರು ಕಂಡುಕೊಂಡ ಮದ್ದೇನು? 1895ರಲ್ಲಿ ಅದೇ ರಾಯಲ್ ಫ್ರೀ ಆಸ್ಪತ್ರೆ ಮೇರಿ ಸ್ಟುವರ್ಟ್ ಎಂಬ ಮಹಿಳೆಯನ್ನು ನೇಮಿಸಿಕೊಂಡಿತು. ಬಂದವರಲ್ಲಿ ಹಣ ಕೊಡಬಲ್ಲವರು ಯಾರು, ನಿಜವಾಗಿ ಬಡವರು ಯಾರು ಎಂದು ವಿಚಾರಿಸಿ ಬೇರ್ಪಡಿಸುವುದು ಆಕೆಯ ಕೆಲಸ. ಆಕೆ ಅದಕ್ಕಿಂತ ಎಷ್ಟೋ ಹೆಚ್ಚಿನ ಕೆಲಸ ಮಾಡಿದಳು. ಇಂದಿನ ಆಸ್ಪತ್ರೆಗಳ ಸಮಾಜ ಕಾರ್ಯಕರ್ತರ ಪರಂಪರೆ ಆಕೆಯಿಂದಲೇ ಶುರುವಾಗುತ್ತದೆ. ಆದರೆ ಆ ನೇಮಕದ ಹಿಂದಿನ ಯೋಚನೆಯನ್ನು ಗಮನಿಸಿ: ಸಾಲು ಉದ್ದವಾಗಿದ್ದರೆ ತಪ್ಪು ಸಾಲಿನಲ್ಲಿ ನಿಂತವರದು. ಸಾಲನ್ನು ನಡೆಸುವವರದೂ ತಪ್ಪಿರಬಹುದು ಎಂದು ಲೆಕ್ಕ ಹಾಕಿ ತೋರಿಸಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ಆ ಲೆಕ್ಕ ಮೊದಲು ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಟೆಲಿಫೋನ್ ಕಂಪನಿಯಲ್ಲಿ. ಕೋಪನ್‌ಹೇಗನ್ನಿನ ಎ. ಕೆ. ಅರ್ಲಾಂಗ್, ಫೋನ್ ಕರೆಗಳು ಎಷ್ಟು ಬರುತ್ತವೆ, ಎಷ್ಟು ಲೈನು ಬೇಕು ಎಂಬ ಪ್ರಶ್ನೆ ಇಟ್ಟುಕೊಂಡು 1909ರಲ್ಲಿ ಬರೆದ ಪ್ರಬಂಧದಿಂದ ಸರದಿ ಸಾಲಿನ ಗಣಿತ ಬೆಳೆಯಿತು. ಆ ಗಣಿತದ ಅತಿ ಸರಳ ಮಾದರಿಯೊಂದನ್ನು ನೋಡಿ. ಡಾಕ್ಟರ್ ಒಬ್ಬರೇ, ರೋಗಿಗಳು ಯಾವಾಗೆಂದರೆ ಆವಾಗ ಬರುತ್ತಾರೆ, ಒಬ್ಬರಿಗೆ ಸರಾಸರಿ 5 ನಿಮಿಷ ಬೇಕು, ಆದರೆ ಒಬ್ಬೊಬ್ಬರದು ಒಂದೊಂದು ತರಹ. ಡಾಕ್ಟರ ಸಮಯದಲ್ಲಿ ಶೇ. 80 ಭಾಗ ತುಂಬಿದ್ದರೆ ರೋಗಿ ಸರಾಸರಿ 20 ನಿಮಿಷ ಕಾಯುತ್ತಾನೆ. ಶೇ. 90 ತುಂಬಿದರೆ 45 ನಿಮಿಷ. ಶೇ. 95 ತುಂಬಿದರೆ 95 ನಿಮಿಷ. ಡಾಕ್ಟರ ಬಿಡುವನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಹೋದರೆ ರೋಗಿಯ ಕಾಯುವಿಕೆ ಹೀಗೆ ಜಿಗಿಯುತ್ತಾ ಹೋಗುತ್ತದೆ. ಅಂದರೆ ಬೆಂಚಿನ ಮೇಲಿನವರ ಗಂಟೆಗಳು ಕೋಣೆಯೊಳಗಿನ ನಿಮಿಷಗಳನ್ನು ಕಾಯುತ್ತಿರುತ್ತವೆ, ಕಾವಲು ಕಾಯುವ ಅರ್ಥದಲ್ಲಿ. ಕನ್ನಡದಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ ಇರುವುದು ಇಲ್ಲಿ ಸರಿಯಾಗಿ ಕೂರುತ್ತದೆ.

ಈ ಬಗೆಯ ಲೆಕ್ಕವನ್ನು ಆಸ್ಪತ್ರೆಗೆ ತಂದವರಲ್ಲಿ ಮೊದಲಿಗ ನಾರ್ಮನ್ ಬೈಲಿ ಎಂಬ ಇಂಗ್ಲಿಷ್ ಸಂಖ್ಯಾಶಾಸ್ತ್ರಜ್ಞ. 1952ರಲ್ಲಿ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಹೊರರೋಗಿ ವಿಭಾಗಗಳ ಸಾಲಿನ ಬಗ್ಗೆ ಬರೆದ. ಕಂಪ್ಯೂಟರಿನ ನೆರವಿಲ್ಲದೆ, ಕಾಗದದ ಮೇಲೆಯೇ ಕಾಲ್ಪನಿಕ ಕ್ಲಿನಿಕ್‌ಗಳನ್ನು ನಡೆಸಿ, ಎಷ್ಟೆಷ್ಟು ಅಂತರದಲ್ಲಿ ಕರೆದರೆ ಯಾರು ಎಷ್ಟು ಕಾಯುತ್ತಾರೆ ಎಂದು ಕೈಯಲ್ಲೇ ಲೆಕ್ಕ ಹಾಕಿದ. ಹತ್ತಾರು ಜನರನ್ನು ಒಂದೇ ಗಂಟೆಗೆ ಕರೆದು ಕೂರಿಸಿದರೆ ಡಾಕ್ಟರ ಒಂದು ನಿಮಿಷವೂ ವ್ಯರ್ಥವಾಗುವುದಿಲ್ಲ, ನಿಜ. ಬೈಲಿ ಆ ಒಂದು ನಿಮಿಷಕ್ಕೆ ರೋಗಿಗಳು ಕೊಡುವ ಬೆಲೆಯನ್ನೂ ಎದುರಿಗಿಟ್ಟ. ಅವನ ಸಲಹೆ ಇಷ್ಟೇ: ಶುರುವಿನಲ್ಲಿ ಇಬ್ಬರನ್ನು ಕರೆಯಿರಿ, ಆಮೇಲೆ ಒಬ್ಬರಿಗೆ ಸರಾಸರಿ ಎಷ್ಟು ಹೊತ್ತು ಬೇಕೋ ಅಷ್ಟು ಅಂತರದಲ್ಲಿ ಒಬ್ಬೊಬ್ಬರನ್ನೇ ಕರೆಯಿರಿ. ಮೊದಲಿನವರು ತಡವಾಗಿ ಬಂದರೂ ಎರಡನೆಯವರಿರುತ್ತಾರೆ. ಡಾಕ್ಟರೂ ಹೆಚ್ಚು ಹೊತ್ತು ಖಾಲಿ ಕೂರಬೇಕಾಗಿಲ್ಲ. ಅದೇ ವರ್ಷ ಜೆ. ಡಿ. ವೆಲ್ಚ್ ಜೊತೆ ಸೇರಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವೈದ್ಯರಿಗೂ ಇದನ್ನು ಹೇಳಿದ. ಡಾಕ್ಟರ್ ಮೊದಲು ಸಮಯಕ್ಕೆ ಸರಿಯಾಗಿ ಬರಬೇಕು ಎಂಬುದೂ ಅಲ್ಲಿತ್ತು.

ಗಡಿಯಾರದ ಕಾಯುವಿಕೆಗೆ ಹೀಗೆ 70 ವರ್ಷದ ಹಿಂದೆಯೇ ಒಂದು ಮಟ್ಟದ ಉತ್ತರ ಸಿಕ್ಕಿತು. ಕ್ಯಾಲೆಂಡರಿನದು ಅಷ್ಟು ಸುಲಭವಲ್ಲ. ಅದು ವೇಳಾಪಟ್ಟಿಯ ವಿಷಯವಲ್ಲ, ಇರುವ ಡಾಕ್ಟರು ಮತ್ತು ಹಾಸಿಗೆಗಳ ವಿಷಯ.

1948ರ ಜುಲೈ 5ರಂದು ಬ್ರಿಟನ್ ತನ್ನ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿದಾಗ, ಆಸ್ಪತ್ರೆಗೆ ದಾಖಲಾಗಲು ಕಾಯುತ್ತಿದ್ದ ಸುಮಾರು 5 ಲಕ್ಷ ಜನರ ಪಟ್ಟಿಯೂ ಅದರ ಪಾಲಿಗೆ ಬಂತು. ಚಿಕಿತ್ಸೆ ಉಚಿತವಾಯಿತು, ಪಟ್ಟಿ ಉಳಿಯಿತು. ಆದರೆ ಪಟ್ಟಿ ಎಂದಮೇಲೆ ಅದನ್ನು ಎಣಿಸಬಹುದು. ಎಣಿಸಿದ್ದನ್ನು ಸಂಸತ್ತಿನಲ್ಲಿ ಕೇಳಬಹುದು. 1991ರಲ್ಲಿ ಅಲ್ಲಿನ ಸರ್ಕಾರ ರೋಗಿಗಳ ಸನ್ನದು ಹೊರಡಿಸಿ, ಹೊರರೋಗಿಯನ್ನು ಕೊಟ್ಟ ಸಮಯದಿಂದ 30 ನಿಮಿಷದೊಳಗೆ ನೋಡಬೇಕೆಂದಿತು. 2004ರಲ್ಲಿ, ವೈದ್ಯರು ಶಿಫಾರಸು ಮಾಡಿದ ದಿನದಿಂದ ಚಿಕಿತ್ಸೆ ಶುರುವಾಗುವವರೆಗೆ 18 ವಾರ ಮೀರಬಾರದು, 2008ರೊಳಗೆ ಇದು ಸಾಧ್ಯವಾಗಬೇಕು ಎಂಬ ಗುರಿ ಇಟ್ಟುಕೊಂಡಿತು. ಹಣ ಹೆಚ್ಚಾಯಿತು, ಎಣಿಕೆ ಬಿಗಿಯಾಯಿತು, ಗುರಿ ಹೆಚ್ಚುಕಡಿಮೆ ಮುಟ್ಟಿತು. ಮುಂದೆ ಅದು ಮತ್ತೆ ಕೈತಪ್ಪಿತು. 2023ರಲ್ಲಿ ಇಂಗ್ಲೆಂಡಿನ ಪಟ್ಟಿ 77 ಲಕ್ಷದ ಹತ್ತಿರ ಹೋಯಿತು. ಬ್ರಿಟನ್ ಗೆದ್ದಿತು ಎಂದು ನಾನು ಹೇಳುತ್ತಿಲ್ಲ. ಸೋತದ್ದು ಎಷ್ಟೆಂದು ತಿಂಗಳು ತಿಂಗಳೂ ಪ್ರಕಟಿಸುತ್ತದೆ ಎನ್ನುತ್ತಿದ್ದೇನೆ.

ನಮ್ಮಲ್ಲಿ? ಬ್ರಿಟಿಷರ ಕೊನೆಗಾಲದಲ್ಲಿ, 1943ರಲ್ಲಿ, ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯಲ್ಲಿ ಆರೋಗ್ಯ ಸಮೀಕ್ಷೆಯ ಸಮಿತಿಯೊಂದು ರಚನೆಯಾಯಿತು. 1946ರ ಅದರ ವರದಿಯ ಪ್ರಕಾರ ಇಲ್ಲಿ ಸುಮಾರು 6,300 ಜನರಿಗೆ ಒಬ್ಬ ಡಾಕ್ಟರ್, ಬ್ರಿಟನ್ನಿನಲ್ಲಿ ಸಾವಿರಕ್ಕೊಬ್ಬರು. ಹಣವಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂಬುದನ್ನು ಸಮಿತಿ ತತ್ವವಾಗಿಟ್ಟುಕೊಂಡಿತು. ಮೊದಲ ಹಂತದಲ್ಲಿ 40,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕೆಂದಿತು. 1952ರಿಂದ ಅವು ಬರತೊಡಗಿದವು. ಬೈಲಿಯ ಪ್ರಬಂಧ ಬಂದದ್ದೂ ಅದೇ ವರ್ಷ. ಅಂದಿನಿಂದ ನಾವು ಡಾಕ್ಟರುಗಳನ್ನು ಎಣಿಸಿದ್ದೇವೆ, ಹಾಸಿಗೆಗಳನ್ನು ಎಣಿಸಿದ್ದೇವೆ, ಕೇಂದ್ರಗಳನ್ನು ಎಣಿಸಿದ್ದೇವೆ. ಕಾಯುವಿಕೆಯನ್ನು ಮಾತ್ರ ಎಣಿಸಿಲ್ಲ. ಇಷ್ಟು ಜನ ಇಷ್ಟು ವಾರದಿಂದ ಕಾಯುತ್ತಿದ್ದಾರೆ ಎಂದು ತಿಂಗಳಿಗೊಮ್ಮೆ ಹೇಳುವ ದೇಶಮಟ್ಟದ ಪಟ್ಟಿ ನಮಗಿಲ್ಲ.

ಏನೂ ಆಗಿಲ್ಲ ಎನ್ನುವುದು ತಪ್ಪು. 2015ರಲ್ಲಿ ಸರ್ಕಾರಿ ಆಸ್ಪತ್ರೆಗಳಿಗಾಗಿ ಆನ್‌ಲೈನ್ ನೋಂದಣಿ ಬಂತು. 2022ರಿಂದ ಕ್ಯೂಆರ್ ಕೋಡ್ ತೋರಿಸಿ ಓಪಿಡಿ ಟೋಕನ್ ಪಡೆಯುವ ಸೌಕರ್ಯ ಬಂದಿದೆ. ನಸುಕಿನಲ್ಲೆದ್ದು ಚೀಟಿಗಾಗಿ ನಿಂತವರಿಗೆ ಇದರ ಬೆಲೆ ಗೊತ್ತು. ಆದರೆ ಇವು ಚೀಟಿಯ ಸಾಲನ್ನು ಕರಗಿಸುತ್ತವೆ, ಡಾಕ್ಟರ ಸಾಲನ್ನಲ್ಲ. ಬೆಂಚಿನ ಮೇಲಿದ್ದ ಸಾಲು ಫೋನಿನೊಳಕ್ಕೆ ಹೋದಾಗ ಇನ್ನೊಂದು ಅಪಾಯವೂ ಇದೆ: ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ವರಾಂಡದ ಗುಂಪನ್ನಾದರೂ ಹಾದುಹೋಗುವ ಮಂತ್ರಿ ನೋಡಿಯಾನು. ಅಮ್ಮ ಹುಬ್ಬಳ್ಳಿಯ ಅಡುಗೆಮನೆಯಲ್ಲಿ ಕಾದ 11 ವಾರವನ್ನು ನೋಡಿದವರು ಯಾರು?

ಇದಕ್ಕೆ ಹೊಸ ತಂತ್ರಜ್ಞಾನ ಬೇಕಿಲ್ಲ. ಸಮಯ ಕೇಳಿದ ದಿನ, ಸಮಯ ಸಿಕ್ಕ ದಿನ, ಎರಡೂ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಈಗಾಗಲೇ ಇವೆ. ನಡುವಿನ ಅಂತರವನ್ನು ವಿಭಾಗವಾರು ಬಾಗಿಲಲ್ಲಿ ಬರೆದು ಹಾಕಿದರೆ ಸಾಕು. ಅದರಿಂದ ನಾಳೆಯೇ ಹೊಸ ನರರೋಗ ತಜ್ಞರು ಹುಟ್ಟುವುದಿಲ್ಲ. ಆದರೆ ಎಲ್ಲಿ ಎಷ್ಟು ಜನ ತಜ್ಞರು ಬೇಕು ಎಂದು ಕೇಳಲು ನಮ್ಮ ಕೈಗೊಂದು ಅಂಕಿ ಸಿಗುತ್ತದೆ.

ಆ ‘ನೇಮಕಾತಿ’ಯ ಬಗ್ಗೆ ನಾನು ಆಸ್ಪತ್ರೆಗೆ ಒಂದು ಮೇಲ್ ಬರೆದಿದ್ದೆ. ಉತ್ತರ ಬರಲಿಲ್ಲ, ಆದರೆ ತಿದ್ದಿದರು. ಮೊನ್ನೆ ಅಮ್ಮನಿಗೆ ಬಂದ ಸಂದೇಶದಲ್ಲಿ ‘ಭೇಟಿಯ ಸಮಯ’ ಎಂದಿತ್ತು. ಆ ಸಮಯ ಇರುವುದು 14 ವಾರಗಳ ನಂತರ. ಅಮ್ಮನ ಫೈಲಿನ ಹಿಂಬದಿಯಲ್ಲಿ ಎರಡೂ ತಾರೀಖುಗಳನ್ನು ಬರೆದಿಟ್ಟಿದ್ದೇನೆ. ಸದ್ಯಕ್ಕೆ ಆ ಲೆಕ್ಕ ಇರುವುದು ಅಲ್ಲಿ ಮಾತ್ರ.