ಬಾಡಿಗೆ ಮನೆಯ ಮುಂಗಡ ಠೇವಣಿ: ಕಡಿತ, ಮರುಪಾವತಿ ಮತ್ತು ವಿವಾದ ಪರಿಹಾರ – ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಮನೆಯನ್ನು ಬಾಡಿಗೆಗೆ ಪಡೆಯುವಾಗ ಬಾಡಿಗೆದಾರರು ಮಾಲೀಕರಿಗೆ ನೀಡುವ ಭದ್ರತಾ ಮೊತ್ತವನ್ನು ಮುಂಗಡ ಠೇವಣಿ ಎನ್ನಲಾಗುತ್ತದೆ. ಜನರ ಮಾತಿನಲ್ಲಿ ಇದು 'ಅಡ್ವಾನ್ಸ್'. ಬೆಂಗಳೂರು ನಗರದಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಮೊತ್ತವನ್ನು ಮುಂಗಡವಾಗಿ ಪಡೆಯುವ ರೂಢಿ ಬಹುಕಾಲದಿಂದ ಇದೆ. ಇತ್ತೀಚಿನ ವರ್ಷಗಳಲ್ಲಿ ಇದಕ್ಕಿಂತ ಕಡಿಮೆ ಮುಂಗಡಕ್ಕೆ ಒಪ್ಪುವ ಮಾಲೀಕರೂ ಇದ್ದಾರೆ.

ಅನೇಕ ಕುಟುಂಬಗಳಿಗೆ ಈ ಮೊತ್ತವೇ ಅವರ ಉಳಿತಾಯದ ಬಹುಭಾಗವಾಗಿರುತ್ತದೆ. ಹಳೆಯ ಮನೆಯ ಮುಂಗಡ ಕೈಗೆ ಬಂದ ನಂತರವೇ ಹೊಸ ಮನೆಗೆ ಮುಂಗಡ ಕೊಡಬೇಕಾದ ಸ್ಥಿತಿಯಲ್ಲಿ, ಮರುಪಾವತಿ ವಿಳಂಬವಾದರೂ ಅಥವಾ ಅನಿರೀಕ್ಷಿತ ಕಡಿತವಾದರೂ ಕುಟುಂಬವು ತೊಂದರೆಗೆ ಸಿಲುಕುತ್ತದೆ. ಹಾಗೆಯೇ, ಬಾಕಿ ಉಳಿಸಿ ಅಥವಾ ಮನೆಯನ್ನು ಹಾಳುಮಾಡಿ ತೆರಳುವ ಬಾಡಿಗೆದಾರರಿಂದ ಮಾಲೀಕರಿಗೂ ನಷ್ಟ ಉಂಟಾಗುತ್ತದೆ. ಆದ್ದರಿಂದ ಉಭಯ ಪಕ್ಷಗಾರರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಮುಖ್ಯವಾಗಿ ಗಮನಿಸಬೇಕಾದ ಅಂಶವೆಂದರೆ, ಠೇವಣಿಯು ಭದ್ರತೆಗಾಗಿ ಮಾಲೀಕರ ಬಳಿ ಇರಿಸಲಾದ ಮೊತ್ತವೇ ಹೊರತು ಅವರ ಆದಾಯವಲ್ಲ. ಅದರಲ್ಲಿ ಮಾಡುವ ಪ್ರತಿಯೊಂದು ಕಡಿತಕ್ಕೂ ಒಂದು ಕಾರಣ ಮತ್ತು ಒಂದು ಆಧಾರ ಇರತಕ್ಕದ್ದು.

2. ಅನ್ವಯವಾಗುವ ಕಾನೂನುಗಳು

ಅ) ಕರ್ನಾಟಕ ಬಾಡಿಗೆ ಅಧಿನಿಯಮ, 1999: ಈ ಅಧಿನಿಯಮವು 31-12-2001ರಿಂದ ಜಾರಿಗೆ ಬಂದಿದ್ದು, 1961ರ ಬಾಡಿಗೆ ನಿಯಂತ್ರಣ ಅಧಿನಿಯಮದ ಸ್ಥಾನವನ್ನು ಪಡೆದಿದೆ. ಮೊದಲನೇ ಅನುಸೂಚಿಯ 'ಎ' ಭಾಗದಲ್ಲಿ ನಮೂದಿಸಿದ ಪ್ರದೇಶಗಳಲ್ಲಿ ಮಾಸಿಕ ಬಾಡಿಗೆ 3,500 ರೂಪಾಯಿಗಳನ್ನು, ಇತರೆಡೆ 2,000 ರೂಪಾಯಿಗಳನ್ನು ಮೀರಿದ ಕಟ್ಟಡಗಳಿಗೆ ಇದು ಅನ್ವಯಿಸುವುದಿಲ್ಲ. ಆದ್ದರಿಂದ ಇಂದಿನ ಬಾಡಿಗೆ ದರಗಳಲ್ಲಿ ನಗರ ಪ್ರದೇಶದ ಬಹುತೇಕ ಮನೆಗಳು ಇದರ ವ್ಯಾಪ್ತಿಯಿಂದ ಹೊರಗುಳಿಯುತ್ತವೆ.

ಆ) ಸ್ವತ್ತು ವರ್ಗಾವಣೆ ಅಧಿನಿಯಮ, 1882: ಮೇಲ್ಕಂಡಂತೆ ಹೊರಗುಳಿದ ಮನೆಗಳಿಗೆ ಈ ಅಧಿನಿಯಮ ಹಾಗೂ ಉಭಯತ್ರರ ನಡುವಿನ ಕರಾರು ಅನ್ವಯವಾಗುತ್ತವೆ. ಕಲಂ 108ರ ಪ್ರಕಾರ, ಬಾಡಿಗೆದಾರರು ಮನೆಯನ್ನು ತಾವು ಪಡೆದ ಸ್ಥಿತಿಯಲ್ಲಿಯೇ ಹಿಂದಿರುಗಿಸಬೇಕು. ಆದರೆ ಸಹಜ ಸವಕಳಿಯಿಂದ ಅಥವಾ ತಡೆಯಲಾಗದ ಶಕ್ತಿಯಿಂದ ಆದ ಬದಲಾವಣೆಗಳಿಗೆ ಅವರು ಹೊಣೆಗಾರರಲ್ಲ. ಕರಾರಿನಲ್ಲಿ ಬೇರೆ ರೀತಿಯ ಷರತ್ತು ಇದ್ದಲ್ಲಿ ಅಥವಾ ಸ್ಥಳೀಯ ರೂಢಿ ಬೇರೆಯಾಗಿದ್ದಲ್ಲಿ ಮಾತ್ರ ಈ ನಿಯಮ ಬದಲಾಗುತ್ತದೆ.

ಇ) ಭಾರತೀಯ ಕರಾರು ಅಧಿನಿಯಮ, 1872: ಕರಾರು ಉಲ್ಲಂಘನೆಗೆ ಇಂತಿಷ್ಟು ಮೊತ್ತವೆಂದು ಮೊದಲೇ ಬರೆದುಕೊಂಡಿದ್ದರೂ, ಕಲಂ 74ರ ಮೇರೆಗೆ ಆ ಮೊತ್ತವನ್ನು ಮೀರದಂತೆ ನ್ಯಾಯಯುತ ಪರಿಹಾರ ಮಾತ್ರ ದೊರೆಯುತ್ತದೆ. ಈಗಾಗಲೇ ಪಾವತಿಸಿದ ಮೊತ್ತವನ್ನು ಮುಟ್ಟುಗೋಲು ಹಾಕಿಕೊಳ್ಳುವ ಷರತ್ತಿಗೂ ಈ ತತ್ವ ಅನ್ವಯಿಸುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯವು 1963ರಲ್ಲಿ ಫತೇ ಚಂದ್ ಪ್ರಕರಣದಲ್ಲಿ ತೀರ್ಪು ನೀಡಿದೆ.

ಈ) ಮಾದರಿ ಬಾಡಿಗೆ ಅಧಿನಿಯಮ, 2021: ಕೇಂದ್ರ ಸಚಿವ ಸಂಪುಟವು ಜೂನ್ 2021ರಲ್ಲಿ ಅನುಮೋದಿಸಿದ ಈ ಮಾದರಿಯಲ್ಲಿ ವಾಸದ ಮನೆಗೆ ಗರಿಷ್ಠ ಎರಡು ತಿಂಗಳ ಬಾಡಿಗೆ, ವಾಸೇತರ ಕಟ್ಟಡಕ್ಕೆ ಗರಿಷ್ಠ ಆರು ತಿಂಗಳ ಬಾಡಿಗೆ ಎಂದು ಠೇವಣಿಯ ಮಿತಿಯನ್ನು ಸೂಚಿಸಲಾಗಿದೆ. ಬಾಡಿಗೆಯು ರಾಜ್ಯಪಟ್ಟಿಯಲ್ಲಿನ ಭೂಮಿಯ ವಿಷಯಕ್ಕೆ ಸೇರಿರುವುದರಿಂದ, ರಾಜ್ಯ ಶಾಸನವಾಗಿ ಅಂಗೀಕಾರವಾಗದ ಹೊರತು ಈ ಮಾದರಿಯು ತಾನಾಗಿಯೇ ಜಾರಿಯಾಗುವುದಿಲ್ಲ. 'ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಕಾನೂನುಬಾಹಿರ' ಎಂಬ ಭಾವನೆಯಿಂದ ವ್ಯವಹರಿಸುವ ಮೊದಲು ಈ ಅಂಶವನ್ನು ಗಮನಿಸುವುದು.

3. ಒಪ್ಪತಕ್ಕ ಕಡಿತಗಳು

- ಬಾಕಿ ಇರುವ ಬಾಡಿಗೆ ಮತ್ತು ನಿರ್ವಹಣಾ ಶುಲ್ಕ
- ತೆರವು ಮಾಡಿದ ದಿನಾಂಕದವರೆಗಿನ ವಿದ್ಯುತ್ ಮತ್ತು ನೀರಿನ ಬಿಲ್ಲಿನ ಬಾಕಿ
- ಬಾಡಿಗೆದಾರರ ಅಥವಾ ಅವರ ಮನೆಯವರ ಅಜಾಗರೂಕತೆಯಿಂದ ಆದ ಹಾನಿಯ ದುರಸ್ತಿ ವೆಚ್ಚ (ಉದಾ: ಒಡೆದ ಕಿಟಕಿ ಗಾಜು, ಮುರಿದ ಬಾಗಿಲು, ಸೀಳಿದ ವಾಷ್ ಬೇಸಿನ್)
- ಮನೆಯೊಂದಿಗೆ ನೀಡಲಾಗಿದ್ದು, ತೆರವಿನ ವೇಳೆ ಕಾಣೆಯಾದ ಸಾಮಗ್ರಿಗಳ ಮೌಲ್ಯ
- ಕರಾರಿನಂತೆ ಮುನ್ಸೂಚನೆ ನೀಡದೆ ತೆರವು ಮಾಡಿದ್ದಲ್ಲಿ, ಅದರಿಂದಾದ ನಷ್ಟಕ್ಕೆ ನ್ಯಾಯಯುತ ಪರಿಹಾರ

4. ಒಪ್ಪತಕ್ಕದ್ದಲ್ಲದ ಕಡಿತಗಳು

- ಕಾಲಕ್ರಮದಲ್ಲಿ ಮಾಸಿದ ಗೋಡೆ ಬಣ್ಣ, ಸವೆದ ನಲ್ಲಿ, ಸಡಿಲವಾದ ಬಾಗಿಲ ಕೀಲು ಮುಂತಾದ ಸಹಜ ಸವಕಳಿ
- ಕಟ್ಟಡದ ದೋಷದಿಂದ ಬಂದ ಗೋಡೆಯ ತೇವ, ಚಾವಣಿ ಸೋರಿಕೆ, ಬಿರುಕು
- ಬಾಡಿಗೆದಾರರು ಬರುವ ಮೊದಲೇ ಇದ್ದ ಹಾನಿ
- ಹಳೆಯ ವಸ್ತುವಿನ ಬದಲಿಗೆ ಹೊಸ ವಸ್ತುವಿನ ಪೂರ್ಣ ಬೆಲೆ. ಎಂಟು ವರ್ಷ ಬಳಸಿದ ಫ್ಯಾನು ಹಾನಿಗೊಳಗಾದರೆ, ಆಗುವ ನಷ್ಟ ಆ ಹಳೆಯ ಫ್ಯಾನಿನ ಮೌಲ್ಯದಷ್ಟೇ.
- ವಿವರ ನೀಡದೆ 'ಇತರೆ ಖರ್ಚು' ಎಂದು ಒಟ್ಟಾಗಿ ಮುರಿದುಕೊಳ್ಳುವ ಮೊತ್ತ

5. ಸುಣ್ಣ-ಬಣ್ಣದ ವೆಚ್ಚ

ಅತಿ ಹೆಚ್ಚು ವಿವಾದಕ್ಕೆ ಎಡೆಮಾಡುವ ಕಡಿತ ಇದಾಗಿರುತ್ತದೆ. ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಬಣ್ಣದ ಬಾಬ್ತು ಮುರಿದುಕೊಳ್ಳುವ ರೂಢಿ ಬೆಂಗಳೂರಿನಲ್ಲಿ ವ್ಯಾಪಕವಾಗಿದೆ. ಕರಾರು ಪತ್ರದಲ್ಲಿ ಈ ಷರತ್ತು ಇದ್ದು ಬಾಡಿಗೆದಾರರು ಸಹಿ ಮಾಡಿದ್ದಲ್ಲಿ, ಸಾಮಾನ್ಯವಾಗಿ ಅದಕ್ಕೆ ಬದ್ಧರಾಗಬೇಕಾಗುತ್ತದೆ. ಷರತ್ತು ಇಲ್ಲದಿದ್ದಲ್ಲಿ, ಬಣ್ಣ ಮಾಸಿರುವುದು ಸಹಜ ಸವಕಳಿಯೆಂದು ಬಾಡಿಗೆದಾರರು ಆಕ್ಷೇಪಿಸಬಹುದು. ಹಾನಿಯನ್ನಾಗಲಿ ರೂಢಿಯನ್ನಾಗಲಿ ರುಜುವಾತುಪಡಿಸುವ ಹೊಣೆ ಮಾಲೀಕರದ್ದಾಗುತ್ತದೆ.

ಈ ಷರತ್ತಿನ ಬಗ್ಗೆ ಮಾತನಾಡಲು ಸೂಕ್ತ ಸಮಯ ಮನೆ ಬಿಡುವ ದಿನವಲ್ಲ, ಕರಾರಿಗೆ ಸಹಿ ಹಾಕುವ ದಿನ. 'ಎರಡು ವರ್ಷಕ್ಕಿಂತ ಹೆಚ್ಚು ವಾಸವಿದ್ದಲ್ಲಿ ಬಣ್ಣದ ಕಡಿತ ಇಲ್ಲ' ಅಥವಾ 'ವಾಸ್ತವ ವೆಚ್ಚದ ರಸೀದಿಯಂತೆ, ಅರ್ಧ ತಿಂಗಳ ಬಾಡಿಗೆಗೆ ಮೀರದಂತೆ' ಎಂಬಂತಹ ಷರತ್ತುಗಳನ್ನು ಪರಸ್ಪರ ಒಪ್ಪಿಗೆಯಿಂದ ಬರೆದುಕೊಳ್ಳಬಹುದು.

6. ಉದಾಹರಣೆ ಲೆಕ್ಕ

ಮಾಸಿಕ ಬಾಡಿಗೆ ರೂ. 12,000, ಮುಂಗಡ ಠೇವಣಿ ರೂ. 1,00,000, ವಾಸದ ಅವಧಿ ಮೂರು ವರ್ಷ. ತೆರವಿನ ವೇಳೆ ಮಾಲೀಕರು ಈ ಕೆಳಕಂಡ ಕಡಿತಗಳನ್ನು ಸೂಚಿಸಿದ್ದಾರೆಂದು ಭಾವಿಸಲಾಗಿದೆ:

- ವಿದ್ಯುತ್ ಬಾಕಿ: ರೂ. 860
- ನೀರಿನ ಬಾಕಿ: ರೂ. 540
- ಮಕ್ಕಳ ಆಟದಲ್ಲಿ ಒಡೆದ ಕಿಟಕಿ ಗಾಜು: ರೂ. 1,400
- ಸವೆದ ನಲ್ಲಿಯ ಬದಲಾವಣೆ: ರೂ. 900
- ಸ್ನಾನಗೃಹದ ಟೈಲ್ಸ್ ಕಲೆ ತೆಗೆಯುವುದು: ರೂ. 8,000
- ಸುಣ್ಣ-ಬಣ್ಣ: ರೂ. 12,000
- ಒಟ್ಟು: ರೂ. 23,700

ಇವುಗಳಲ್ಲಿ ವಿದ್ಯುತ್, ನೀರು ಮತ್ತು ಗಾಜಿನ ಬಾಬ್ತು ರೂ. 2,800ನ್ನು ಬಿಲ್ಲುಗಳ ಆಧಾರದ ಮೇಲೆ ಒಪ್ಪತಕ್ಕದ್ದು. ನಲ್ಲಿಯದು ಸಹಜ ಸವಕಳಿ. ಟೈಲ್ಸ್ ಕಲೆಯು ಪ್ರವೇಶದ ದಿನದ ಪಟ್ಟಿಯಲ್ಲಿಯೇ ನಮೂದಾಗಿದ್ದಲ್ಲಿ ಆ ಕಡಿತ ನಿಲ್ಲುವುದಿಲ್ಲ. ಬಣ್ಣದ ಷರತ್ತು ಕರಾರಿನಲ್ಲಿ ಇದ್ದಲ್ಲಿ ಒಟ್ಟು ಕಡಿತ ರೂ. 14,800 ಆಗಿ, ರೂ. 85,200 ಮರುಪಾವತಿಯಾಗಬೇಕು. ಷರತ್ತು ಇಲ್ಲದೆ, ಬೇರೆ ಆಧಾರವೂ ಇಲ್ಲದಿದ್ದಲ್ಲಿ ಕಡಿತ ರೂ. 2,800 ಮಾತ್ರವಾಗಿ, ರೂ. 97,200 ಮರುಪಾವತಿಯಾಗಬೇಕು. ಒಂದು ಸಾಲಿನ ಷರತ್ತು ಮತ್ತು ಒಂದು ಪುಟದ ಪಟ್ಟಿ ಎಷ್ಟು ವ್ಯತ್ಯಾಸ ಉಂಟುಮಾಡುತ್ತವೆ ಎಂಬುದು ಇದರಿಂದ ತಿಳಿಯುತ್ತದೆ.

7. ಬಾಡಿಗೆದಾರರು ಅನುಸರಿಸಬೇಕಾದ ಕ್ರಮಗಳು

ಮನೆ ಪ್ರವೇಶಿಸುವಾಗ:
- ಠೇವಣಿಯನ್ನು ಬ್ಯಾಂಕ್ ಮೂಲಕ ಪಾವತಿಸಿ. ನಗದು ನೀಡಿದಲ್ಲಿ ಸಹಿ ಮಾಡಿದ ರಸೀದಿ ಪಡೆಯಿರಿ.
- ಠೇವಣಿಯ ಮೊತ್ತ, ಮರುಪಾವತಿಯ ಕಾಲಾವಧಿ ಮತ್ತು ಕಡಿತದ ಬಾಬ್ತುಗಳನ್ನು ಕರಾರಿನಲ್ಲಿ ನಮೂದಿಸಿಕೊಳ್ಳಿ. ಸೂಕ್ತ ಮುದ್ರಾಂಕ ಶುಲ್ಕ ಪಾವತಿಸದ ಕರಾರನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಿದಾಗ ಕೊರತೆ ಶುಲ್ಕ ಮತ್ತು ದಂಡ ತೆರಬೇಕಾಗುತ್ತದೆ. ಒಂದು ವರ್ಷಕ್ಕೆ ಮೀರಿದ ಅವಧಿಯ ಕರಾರನ್ನು ನೋಂದಾಯಿಸುವುದು ಕಡ್ಡಾಯ.
- ಗೋಡೆ, ನೆಲ, ಬಾಗಿಲು, ನಲ್ಲಿ, ಸ್ವಿಚ್ಚು, ಫ್ಯಾನುಗಳ ಸ್ಥಿತಿಯ ಪಟ್ಟಿ ತಯಾರಿಸಿ ಉಭಯತ್ರರೂ ಸಹಿ ಮಾಡಿರಿ. ದಿನಾಂಕ ಸಹಿತ ಛಾಯಾಚಿತ್ರಗಳನ್ನು ತೆಗೆದಿಡಿ.

ವಾಸದ ಅವಧಿಯಲ್ಲಿ:
- ಸೋರಿಕೆ, ತೇವ ಮುಂತಾದ ದೋಷಗಳನ್ನು ಕಂಡ ಕೂಡಲೇ ಮಾಲೀಕರಿಗೆ ಲಿಖಿತವಾಗಿ ತಿಳಿಸಿ. ವಾಟ್ಸ್ಆ್ಯಪ್ ಸಂದೇಶವಾದರೂ ಸರಿ, ಅದನ್ನು ಅಳಿಸದೆ ಉಳಿಸಿಕೊಳ್ಳಿ.
- ಮನೆ ಮಾರಾಟವಾದಲ್ಲಿ, ಠೇವಣಿಯ ಹೊಣೆಯನ್ನು ವಹಿಸಿಕೊಂಡಿರುವ ಬಗ್ಗೆ ಹೊಸ ಮಾಲೀಕರಿಂದ ಪತ್ರ ಪಡೆಯಿರಿ.
- ಸ್ನೇಹಿತರು ಸೇರಿ ವಾಸಿಸುವಲ್ಲಿ, ಯಾರು ಎಷ್ಟು ಠೇವಣಿ ನೀಡಿದ್ದಾರೆಂದು ಬರೆದಿಟ್ಟುಕೊಳ್ಳಿ. ಒಬ್ಬರು ಬಿಟ್ಟು ಮತ್ತೊಬ್ಬರು ಬಂದಾಗ ಮಾಲೀಕರಿಗೆ ಲಿಖಿತವಾಗಿ ತಿಳಿಸಿ.

ಮನೆ ತೆರವು ಮಾಡುವಾಗ:
- ಕರಾರಿನಂತೆ ಮುನ್ಸೂಚನೆಯನ್ನು ಲಿಖಿತವಾಗಿ ನೀಡಿ.
- ವಿದ್ಯುತ್ ಮತ್ತು ನೀರಿನ ಮೀಟರಿನ ಅಂತಿಮ ಅಂಕಿಯನ್ನು ದಾಖಲಿಸಿ. ಗೃಹಜ್ಯೋತಿ ಯೋಜನೆಯಡಿ ಆ ಮನೆಯ ಆರ್.ಆರ್. ಸಂಖ್ಯೆಗೆ ಜೋಡಣೆಯಾಗಿರುವ ತಮ್ಮ ಆಧಾರ್ ಸಂಖ್ಯೆಯನ್ನು ಬೇರ್ಪಡಿಸಿಕೊಳ್ಳಿ.
- ಪ್ರವೇಶದ ದಿನದ ಪಟ್ಟಿಯೊಂದಿಗೆ ಮಾಲೀಕರ ಸಮ್ಮುಖದಲ್ಲಿ ಮನೆಯನ್ನು ಪರಿಶೀಲಿಸಿ, ಕೀಲಿಕೈ ಹಸ್ತಾಂತರಿಸಿದ ಬಗ್ಗೆ ಬರಹದಲ್ಲಿ ಸ್ವೀಕೃತಿ ಪಡೆಯಿರಿ.

8. ಮನೆ ಮಾಲೀಕರು ಅನುಸರಿಸಬೇಕಾದ ಕ್ರಮಗಳು

- ಮುನ್ಸೂಚನೆ ದೊರೆತ ದಿನದಿಂದಲೇ ಮರುಪಾವತಿಯ ಹಣವನ್ನು ಹೊಂದಿಸಿಕೊಳ್ಳುವುದು. 'ಹೊಸ ಬಾಡಿಗೆದಾರರು ಬಂದ ಮೇಲೆ ಕೊಡುತ್ತೇನೆ' ಎಂಬುದು ಕರಾರಿನಲ್ಲಿ ಇಲ್ಲದಿದ್ದಲ್ಲಿ ವಿಳಂಬಕ್ಕೆ ಸಮರ್ಥನೆಯಾಗುವುದಿಲ್ಲ.
- ಪ್ರತಿ ಕಡಿತವನ್ನೂ ಬಾಬ್ತುವಾರು ಬರೆದು, ಬಿಲ್ಲು ಅಥವಾ ರಸೀದಿಯೊಂದಿಗೆ ನೀಡುವುದು.
- ಹಾನಿಯ ಛಾಯಾಚಿತ್ರವನ್ನು ದುರಸ್ತಿಗೆ ಮೊದಲೇ ತೆಗೆದಿಡುವುದು.
- ಹಾನಿಯ ಮೊತ್ತ ಠೇವಣಿಯನ್ನು ಮೀರಿದಲ್ಲಿ, ಹೆಚ್ಚುವರಿ ಮೊತ್ತಕ್ಕೆ ಮಾಲೀಕರೂ ಸಿವಿಲ್ ದಾವೆ ಹೂಡಬಹುದಾಗಿದೆ.

9. ವಿವಾದ ಉಂಟಾದಲ್ಲಿ ಪರಿಹಾರ ಮಾರ್ಗಗಳು

ಹಂತ 1 – ಲಿಖಿತ ಬೇಡಿಕೆ: ಠೇವಣಿಯ ಮೊತ್ತ, ಒಪ್ಪುವ ಕಡಿತ, ಒಪ್ಪದ ಕಡಿತ ಹಾಗೂ ಬರಬೇಕಾದ ಬಾಕಿಯನ್ನು ನಮೂದಿಸಿ, 15 ದಿನಗಳಂತಹ ಸಮಂಜಸ ಗಡುವು ನೀಡಿ ಪತ್ರ ಬರೆಯುವುದು. ಅಂಚೆ ಇಲಾಖೆಯ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ, ವಿತರಣೆಯ ದಾಖಲೆಯನ್ನು ಇರಿಸಿಕೊಳ್ಳುವುದು. ಬಡ್ಡಿಯನ್ನೂ ಕೇಳಲಾಗುವುದೆಂದು ಪತ್ರದಲ್ಲಿ ತಿಳಿಸಿದ್ದಲ್ಲಿ, ಬಡ್ಡಿ ಅಧಿನಿಯಮ, 1978ರಡಿ ನೋಟಿಸಿನ ದಿನಾಂಕದಿಂದ ಬಡ್ಡಿ ಕೊಡಿಸಲು ನ್ಯಾಯಾಲಯಕ್ಕೆ ಅವಕಾಶವಿದೆ.

ಹಂತ 2 – ಕಾನೂನು ಸೇವಾ ಪ್ರಾಧಿಕಾರ: ದಾವೆ ಹೂಡುವ ಮೊದಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿ, ಲೋಕ ಅದಾಲತ್‌ನಲ್ಲಿ ರಾಜಿಗೆ ಕೋರಬಹುದು. ಇದಕ್ಕೆ ನ್ಯಾಯಾಲಯ ಶುಲ್ಕ ಇರುವುದಿಲ್ಲ. ರಾಜಿಯಾದಲ್ಲಿ ಹೊರಡಿಸುವ ಆದೇಶಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬೆಲೆ ಇದ್ದು, ಅದರ ಮೇಲೆ ಮೇಲ್ಮನವಿ ಇರುವುದಿಲ್ಲ. ರಾಜಿಗೆ ಎರಡೂ ಪಕ್ಷಗಾರರ ಒಪ್ಪಿಗೆ ಅಗತ್ಯ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಅಂಗವಿಕಲರು ಹಾಗೂ ಕೈಗಾರಿಕಾ ಕಾರ್ಮಿಕರು ಉಚಿತ ಕಾನೂನು ನೆರವಿಗೆ ಅರ್ಹರು. ಸಹಾಯವಾಣಿ: 15100.

ಹಂತ 3 – ದಾವೆ: ರಾಜಿ ಆಗದಿದ್ದಲ್ಲಿ, ಮೊತ್ತ ಮತ್ತು ಸ್ಥಳಕ್ಕೆ ಅನುಗುಣವಾಗಿ ಅಧಿಕಾರವ್ಯಾಪ್ತಿಯುಳ್ಳ ನ್ಯಾಯಾಲಯದಲ್ಲಿ ಹಣ ವಸೂಲಿ ದಾವೆ ಹೂಡಬಹುದು. ಸಾಮಾನ್ಯವಾಗಿ ಹಣ ಬರಬೇಕಾದ ದಿನದಿಂದ ಮೂರು ವರ್ಷಗಳೊಳಗೆ ದಾವೆ ಹೂಡತಕ್ಕದ್ದು.

ಲಗತ್ತಿಸಬೇಕಾದ ದಾಖಲೆಗಳು: ಕರಾರು ಪತ್ರ, ಠೇವಣಿ ಪಾವತಿಯ ರಸೀದಿ ಅಥವಾ ಬ್ಯಾಂಕ್ ವಿವರ, ಸ್ಥಿತಿ ಪಟ್ಟಿ, ಛಾಯಾಚಿತ್ರಗಳು, ಅಂತಿಮ ಬಿಲ್ಲುಗಳು, ಕೀಲಿಕೈ ಸ್ವೀಕೃತಿ, ಪತ್ರ ವ್ಯವಹಾರದ ಪ್ರತಿಗಳು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕೊನೆಯ ತಿಂಗಳುಗಳ ಬಾಡಿಗೆಯನ್ನು ಕೊಡದೆ ಠೇವಣಿಯಲ್ಲಿ ಹೊಂದಿಸಿಕೊಳ್ಳಲು ಹೇಳಬಹುದೇ?
ಉತ್ತರ: ಮಾಲೀಕರು ಒಪ್ಪಿದಲ್ಲಿ ಅಥವಾ ಕರಾರಿನಲ್ಲಿ ಅವಕಾಶವಿದ್ದಲ್ಲಿ ಮಾತ್ರ. ಇಲ್ಲವಾದಲ್ಲಿ ಅದು ಬಾಡಿಗೆ ಬಾಕಿ ಎನಿಸುತ್ತದೆ. ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು.

ಪ್ರಶ್ನೆ: ಠೇವಣಿ ಕೈಸೇರುವವರೆಗೆ ಮನೆ ಬಿಡದೆ ಇರಬಹುದೇ?
ಉತ್ತರ: ಹಾಗೆ ಮುಂದುವರಿದಲ್ಲಿ ಆ ಅವಧಿಯ ಬಾಡಿಗೆಯ ಹೊಣೆ ಬರಬಹುದು. ಕೀಲಿಕೈ ಹಸ್ತಾಂತರ ಮತ್ತು ಮರುಪಾವತಿ ಒಂದೇ ದಿನ ನಡೆಯುವಂತೆ ಕರಾರಿನಲ್ಲಿಯೇ ಬರೆದುಕೊಳ್ಳುವುದು ಸೂಕ್ತ.

ಪ್ರಶ್ನೆ: ಮರುಪಾವತಿಗೆ ನೀಡಿದ ಚೆಕ್ಕು ಹಣವಿಲ್ಲದೆ ವಾಪಸಾದರೆ ಏನು ಮಾಡಬೇಕು?
ಉತ್ತರ: ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ಲಿಖಿತ ನೋಟಿಸು ನೀಡಬೇಕು. ನೋಟಿಸು ತಲುಪಿದ 15 ದಿನಗಳೊಳಗೆ ಹಣ ಪಾವತಿಯಾಗದಿದ್ದಲ್ಲಿ, ನಂತರದ ಒಂದು ತಿಂಗಳೊಳಗೆ ವರ್ಗಾವಣೀಯ ಲಿಖಿತಗಳ ಅಧಿನಿಯಮ, 1881ರ ಕಲಂ 138ರಡಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ದೂರು ಸಲ್ಲಿಸಬಹುದು.

ಪ್ರಶ್ನೆ: ಪೊಲೀಸ್ ಠಾಣೆಗೆ ದೂರು ನೀಡಬಹುದೇ?
ಉತ್ತರ: ಕಡಿತದ ಮೊತ್ತದ ಬಗೆಗಿನ ಭಿನ್ನಾಭಿಪ್ರಾಯ ಸಿವಿಲ್ ಸ್ವರೂಪದ್ದು. ಬೆದರಿಕೆ, ಹಲ್ಲೆ, ಸಾಮಾನುಗಳನ್ನು ಬಲವಂತವಾಗಿ ಹೊರಹಾಕುವುದು ಮುಂತಾದವು ನಡೆದಲ್ಲಿ ಪೊಲೀಸರ ನೆರವು ಪಡೆಯಬಹುದು.

ಪ್ರಶ್ನೆ: ಕರಾರು ಪತ್ರವೇ ಇಲ್ಲದಿದ್ದಲ್ಲಿ ಠೇವಣಿ ಕೇಳುವ ಹಕ್ಕು ಹೋಗುತ್ತದೆಯೇ?
ಉತ್ತರ: ಇಲ್ಲ. ಬ್ಯಾಂಕ್ ಪಾವತಿಯ ವಿವರ, ಸಂದೇಶಗಳು ಮತ್ತು ಸಾಕ್ಷಿಗಳ ಮೂಲಕ ಠೇವಣಿಯನ್ನು ರುಜುವಾತುಪಡಿಸಬಹುದು. ಆದರೆ ಇದು ಹೆಚ್ಚು ಶ್ರಮದಾಯಕ.

ಗಮನಿಸಿ: ಈ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ ಇದ್ದು, ಮೂಲ ಅಧಿನಿಯಮಗಳಿಗೆ ಪರ್ಯಾಯವಲ್ಲ. ನಿರ್ದಿಷ್ಟ ಪ್ರಕರಣಗಳಲ್ಲಿ ವಕೀಲರನ್ನು ಅಥವಾ ಸಮೀಪದ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯನ್ನು ಸಂಪರ್ಕಿಸಲು ಸಾರ್ವಜನಿಕರನ್ನು ಕೋರಲಾಗಿದೆ.