ಅಂಗೈ ಮೇಲಿನ ಸೊನ್ನೆ

2025ರ ಮೇ 2ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿತ್ತು. ರಾಜ್ಯದ 35 ಶೈಕ್ಷಣಿಕ ಜಿಲ್ಲೆಗಳ ಪಟ್ಟಿಯಲ್ಲಿ ಮೊದಲ ಸ್ಥಾನ ದಕ್ಷಿಣ ಕನ್ನಡಕ್ಕೆ, ಶೇ 91.12. ಕೊನೆಯ ಸ್ಥಾನ ಕಲಬುರಗಿಗೆ, ಶೇ 42.43. ಹಿಂದಿನ ವರ್ಷ ಕೊನೆಯಲ್ಲಿದ್ದದ್ದು ನೆರೆಯ ಯಾದಗಿರಿ. ಕಲಬುರಗಿ ಅದಕ್ಕಿಂತ ಒಂದೇ ಮೆಟ್ಟಿಲು ಮೇಲೆ. ಇಂಥ ಪಟ್ಟಿ ಬಂದಾಗಲೆಲ್ಲ ಜಿಲ್ಲೆಯವರು ತಲೆ ತಗ್ಗಿಸುತ್ತಾರೆ, ಅಧಿಕಾರಿಗಳು ಸಭೆ ಕರೆಯುತ್ತಾರೆ. ಆದರೆ ಈ 42.43 ಎಂಬ ಅಂಕಿ ಯಾರಿಗೆ ಏನನ್ನು ತಿಳಿಸುತ್ತದೆ? ಕಮಲಾಪುರದ ಒಂದು ಪ್ರೌಢಶಾಲೆಯ ಗಣಿತದ ಮಾಸ್ತರರು ನಾಳೆ ಬೆಳಿಗ್ಗೆ ಯಾವ ಪಾಠವನ್ನು ಮತ್ತೆ ಹೇಳಿಕೊಡಬೇಕು ಎಂಬುದು ಅದರಿಂದ ತಿಳಿಯುತ್ತದೆಯೆ?

ಅಳೆಯುವ ಕೆಲಸವೂ ಕಲಿಸುವ ಕೆಲಸವೂ ಯಾವಾಗಲೂ ಹೀಗೆ ಬೇರೆ ಬೇರೆ ಊರುಗಳಲ್ಲಿ ಇರಲಿಲ್ಲ.

ಹಳೆಯ ಕಾಲದ ಸಾಲಿಗಳಲ್ಲಿ ಮಕ್ಕಳನ್ನು ಹೇಗೆ ಪರೀಕ್ಷಿಸುತ್ತಿದ್ದರು ಎಂಬುದಕ್ಕೆ ನಮ್ಮ ಸೀಮೆಗೆ ಹತ್ತಿರದ ಒಂದು ಒಳ್ಳೆಯ ದಾಖಲೆ ಇದೆ. 1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ, ತನ್ನ ಆಳ್ವಿಕೆಯ ಪ್ರತಿ ಜಿಲ್ಲೆಯ ಶಾಲೆಗಳ ಲೆಕ್ಕ ಕೊಡುವಂತೆ ಕಲೆಕ್ಟರುಗಳಿಗೆ ಆಜ್ಞೆ ಮಾಡಿದ. ಕಲಬುರಗಿ ಆಗ ನಿಜಾಮರ ಸೀಮೆಯಲ್ಲಿದ್ದುದರಿಂದ ಈ ಲೆಕ್ಕದಲ್ಲಿ ಅದು ಬರಲಿಲ್ಲ. ಇಂದು ಕಲ್ಯಾಣ ಕರ್ನಾಟಕದ ಭಾಗವಾಗಿರುವ ಬಳ್ಳಾರಿ ಬಂತು. ಅಲ್ಲಿನ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಬರೆದ ವರದಿಯ ಪ್ರಕಾರ ಜಿಲ್ಲೆಯಲ್ಲಿದ್ದ ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಓದುವ ಮಕ್ಕಳು 6,641. ಅವರಲ್ಲಿ ಹುಡುಗಿಯರು ಕೇವಲ 60.

ಕ್ಯಾಂಪ್‌ಬೆಲ್ ಬರೀ ಎಣಿಕೆಗೆ ನಿಲ್ಲಲಿಲ್ಲ. ಶಾಲೆಯ ದಿನಚರಿಯನ್ನೂ ಕಂಡಂತೆ ಬರೆದಿಟ್ಟ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಅಂಗೈ ಮೇಲೆ ಒಂದು ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ಬಂದಂತೆ ಬಂದಂತೆ ಒಂದೊಂದು ಏಟು ಹೆಚ್ಚು. ಇದು ಸಮಯಪಾಲನೆಯ ಅಂಕ. ಕಲಿಕೆಯ ಅಳತೆ ಬೇರೆಯೇ ಇತ್ತು. ಮಕ್ಕಳು ಅಕ್ಷರವನ್ನು ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದಿ ಕಲಿಯುತ್ತಿದ್ದರು. ಶಾಲೆಯನ್ನು ಕಲಿಕೆಯ ಮಟ್ಟಕ್ಕೆ ತಕ್ಕಂತೆ ಗುಂಪುಗಳಾಗಿ ವಿಂಗಡಿಸಿರುತ್ತಿದ್ದರು. ಕೆಳಗಿನ ಗುಂಪುಗಳನ್ನು ಹಿರಿಯ ಹುಡುಗರು ನೋಡಿಕೊಂಡರೆ ಮೇಲಿನವು ಗುರುವಿನ ಕೈಯಲ್ಲಿ. ಒಬ್ಬ ಹುಡುಗನಿಗೆ ಒಂದು ಗುಂಪಿನ ಪಾಠ ಬಂತೆಂದರೆ ಅವನು ಮುಂದಿನ ಗುಂಪಿಗೆ ಹೋಗುತ್ತಿದ್ದ. ಅದಕ್ಕಾಗಿ ಮಾರ್ಚ್ ತಿಂಗಳಿಗೆ ಕಾಯಬೇಕಾಗಿರಲಿಲ್ಲ.

ಈ ವ್ಯವಸ್ಥೆಯನ್ನು ಹೊಗಳಿ ಅಟ್ಟಕ್ಕೇರಿಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಹಾಗೆ ಮಾಡುವಂತಿಲ್ಲ. ಕ್ಯಾಂಪ್‌ಬೆಲ್ ತಾನೇ ಹೇಳುವಂತೆ, ಮಕ್ಕಳು ಬಾಯಿಪಾಠ ಮಾಡುತ್ತಿದ್ದ ಪದ್ಯಗಳ ಭಾಷೆ ಆಡುವ ಮಾತಿಗಿಂತ ಬೇರೆ. ಅರ್ಥ ಅವರಿಗೆ ಆಗುತ್ತಿರಲಿಲ್ಲ. ಬಡತನದಿಂದಾಗಿ ಶಾಲೆಗಳು ಮುಚ್ಚುತ್ತಿದ್ದುದನ್ನೂ ಅವನು ಬರೆದಿದ್ದಾನೆ. 60 ಹುಡುಗಿಯರ ಲೆಕ್ಕವನ್ನಂತೂ ಮರೆಯಲಾಗದು. ಆದರೂ ಒಂದು ಮಾತು ನಿಜ: ಅಲ್ಲಿ ಅಳೆಯುವವನೂ ಕಲಿಸುವವನೂ ಒಬ್ಬನೇ ಆಗಿದ್ದ.

ಇದು ತಪ್ಪಿದ್ದು ಸರ್ಕಾರದ ಹಣ ಶಾಲೆಗೆ ಬರತೊಡಗಿದಾಗ. 1854ರ ವುಡ್ ಆದೇಶದ ನಂತರ ಖಾಸಗಿ ಶಾಲೆಗಳಿಗೆ ಅನುದಾನ ಆರಂಭವಾಯಿತು. ಕೊಟ್ಟ ಹಣಕ್ಕೆ ಲೆಕ್ಕ ಬೇಕಲ್ಲ? ಆಗ ಮುಂಬಯಿ, ಮದರಾಸು ಪ್ರಾಂತಗಳಲ್ಲಿ ಬಂದದ್ದು ‘ಫಲಿತಾಂಶಕ್ಕೆ ತಕ್ಕ ಅನುದಾನ’ ಎಂಬ ಪದ್ಧತಿ. ಇನ್ಸ್‌ಪೆಕ್ಟರ್ ಸಾಹೇಬರು ವರ್ಷಕ್ಕೊಮ್ಮೆ ಬಂದು ಮಕ್ಕಳನ್ನು ಪರೀಕ್ಷಿಸುವುದು. ಎಷ್ಟು ಮಕ್ಕಳು ಉತ್ತೀರ್ಣರೋ ಅಷ್ಟು ಹಣ. ಸಾಹೇಬರು ಕೇಳಬಹುದಾದ ಪ್ರಶ್ನೆಗಳನ್ನಷ್ಟೇ ಉರು ಹೊಡೆಸುವ ಕಲೆ ಆಗಲೇ ಹುಟ್ಟಿತು. ಪರೀಕ್ಷೆ ಪಾಠದ ಹಿಂದೆ ಬರಬೇಕಾದದ್ದು. ಇಲ್ಲಿ ಅದು ಮುಂದೆ ನಡೆದು ಪಾಠವನ್ನು ಎಳೆದೊಯ್ಯಿತು. ಧಾರವಾಡ, ಬೆಳಗಾವಿ ಕಡೆಯ ಮುಲ್ಕಿ ಪರೀಕ್ಷೆಯನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಅದು ಪಾಸಾದರೆ ಮಾಸ್ತರಿಕೆ, ತಲಾಠಿಕೆಯ ಬಾಗಿಲು ತೆರೆಯುತ್ತಿತ್ತು. ಹಾಗಾಗಿ ಪರೀಕ್ಷೆ ಕಲಿಕೆಯ ಅಳತೆಯಷ್ಟೇ ಆಗಿ ಉಳಿಯದೆ ಅನ್ನದ ಮಾತೂ ಆಯಿತು.

ಎಸ್ಸೆಸ್ಸೆಲ್ಸಿಯ ಹುಟ್ಟಿನಲ್ಲೇ ಒಂದು ತಮಾಷೆಯಿದೆ. 1911ರ ಸುಮಾರಿಗೆ ಮದರಾಸು ಪ್ರಾಂತದಲ್ಲಿ, ಮೆಟ್ರಿಕ್ಯುಲೇಷನ್ನಿನ ಕಾಟ ತಪ್ಪಿಸಬೇಕೆಂದೇ ಅದನ್ನು ಜಾರಿಗೆ ತಂದರು. ಶಾಲೆಯಲ್ಲಿ ಹುಡುಗ ಗಳಿಸಿದ ಅಂಕಗಳನ್ನೂ ಸಾರ್ವಜನಿಕ ಪರೀಕ್ಷೆಯ ಅಂಕಗಳನ್ನೂ ಒಂದೇ ಪುಸ್ತಕದಲ್ಲಿ ಬರೆದು ಕೊಡುವುದು ಅದರ ಕ್ರಮ. ಪಾಸು ಫೇಲು ಎಂಬ ಮಾತೇ ಮೊದಲಿಗೆ ಇರಲಿಲ್ಲ. ಕಾಲೇಜಿಗೆ ಅರ್ಹನೋ ಅಲ್ಲವೋ ಎಂಬುದಷ್ಟೇ. ನಮ್ಮ ಅಜ್ಜಂದಿರ ಬಾಯಲ್ಲಿ ‘ಎಲಿಜಿಬಲ್’ ಎಂಬ ಪದ ಉಳಿದುಕೊಂಡದ್ದು ಇದರಿಂದ.

ಕಲಬುರಗಿಯ ಮಗುವಿಗೆ ಇನ್ನೊಂದು ಭಾರವೂ ಇತ್ತು. ನಿಜಾಮರ ರಾಜ್ಯದಲ್ಲಿ ಮೇಲಿನ ತರಗತಿಗಳ ಮಾಧ್ಯಮ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಡಲು ಹೊರಟಿದ್ದು ಆ ಕಾಲಕ್ಕೆ ದೊಡ್ಡ ಸಾಹಸವೇ ಸರಿ. ಆದರೆ ಮನೆಯಲ್ಲಿ ಕನ್ನಡವಾಡುವ ಹುಡುಗ ಗಣಿತದ ಪ್ರಶ್ನೆಯನ್ನು ಉರ್ದುವಿನಲ್ಲಿ ಓದಿ ಉತ್ತರ ಬರೆದಾಗ ಅಳೆದದ್ದು ಗಣಿತವನ್ನೋ ಉರ್ದುವನ್ನೋ? ಅಳತೆಯ ಶಾಸ್ತ್ರದಲ್ಲಿ ಇದನ್ನು ಸಪ್ರಮಾಣತೆಯ ಪ್ರಶ್ನೆ ಎನ್ನುತ್ತಾರೆ. ಅಳೆಯಬೇಕೆಂದುಕೊಂಡದ್ದನ್ನೇ ಅಳತೆಗೋಲು ಅಳೆಯುತ್ತಿದೆಯೇ ಎಂಬುದು ಅದರ ಸಾರ.

1956 ಈ ಕಥೆಯಲ್ಲಿ ಎರಡು ಸಲ ಬರುತ್ತದೆ. ಆ ವರ್ಷದ ನವೆಂಬರ್ 1ರಂದು ಕಲಬುರಗಿ ಕನ್ನಡ ರಾಜ್ಯಕ್ಕೆ ಸೇರಿತು. ಅದೇ ವರ್ಷ ಅಮೆರಿಕದಲ್ಲಿ ಬೆಂಜಮಿನ್ ಬ್ಲೂಮ್ ಎಂಬ ಷಿಕಾಗೋದ ಪ್ರಾಧ್ಯಾಪಕ ತನ್ನ ಸಂಗಡಿಗರೊಡನೆ ಬೋಧನೆಯ ಉದ್ದೇಶಗಳ ವರ್ಗೀಕರಣವನ್ನು ಪ್ರಕಟಿಸಿದ. ಮರುವರ್ಷವೇ ಬ್ಲೂಮ್ ಭಾರತಕ್ಕೆ ಬಂದು ಶಿಕ್ಷಕರಿಗೆ ಪರೀಕ್ಷಾ ಸುಧಾರಣೆಯ ಕಾರ್ಯಾಗಾರಗಳನ್ನು ನಡೆಸಿದ. 1958ರಲ್ಲಿ ಕೇಂದ್ರ ಪರೀಕ್ಷಾ ಘಟಕ ಆರಂಭವಾಗಿ, ಮುಂದೆ ಎನ್‌ಸಿಇಆರ್‌ಟಿಯೊಳಗೆ ಸೇರಿತು. ಕನ್ನಡದ ಮಾಸ್ತರರು ಇಂದಿಗೂ ಪ್ರಶ್ನೆಪತ್ರಿಕೆಗೆ ಮುನ್ನ ‘ನೀಲನಕ್ಷೆ’ ಹಾಕುವುದಕ್ಕೆ ಮೂಲ ಇಲ್ಲಿದೆ.

ನೀಲನಕ್ಷೆ ಎಂದರೆ ಯಾವ ಪಾಠಕ್ಕೆ ಎಷ್ಟು ಅಂಕ, ಅದರಲ್ಲಿ ನೆನಪಿಗೆಷ್ಟು, ತಿಳಿವಳಿಕೆಗೆಷ್ಟು, ಅನ್ವಯಕ್ಕೆಷ್ಟು ಎಂದು ಮೊದಲೇ ಹಂಚಿಕೊಳ್ಳುವ ಕೋಷ್ಟಕ. ಕಲಬುರಗಿಯದೇ ಉದಾಹರಣೆ ಕೊಡಬಹುದು. ಬಹಮನಿ ರಾಜ್ಯ ಯಾವ ವರ್ಷ ಸ್ಥಾಪನೆಯಾಯಿತು ಎಂದರೆ 1347 ಎಂಬ ಉತ್ತರ ನೆನಪಿನದು. ರಾಜಧಾನಿ ಬೀದರಿಗೆ ಏಕೆ ಹೋಯಿತು ಎಂದರೆ ತಿಳಿವಳಿಕೆ ಬೇಕು. ಕಲಬುರಗಿ ಕೋಟೆಯೊಳಗಿನ ಮಸೀದಿಗೆ ಇತರ ಜಾಮಿ ಮಸೀದಿಗಳಂತೆ ತೆರೆದ ಅಂಗಳವಿಲ್ಲ, ಇಡೀ ಕಟ್ಟಡಕ್ಕೆ ಚಾವಣಿಯಿದೆ. ಇದರಿಂದ ಒಳಗಿನ ಬೆಳಕಿಗೆ ಶಿಲ್ಪಿಗಳು ಏನು ಮಾಡಬೇಕಾಯಿತು ಎಂದು ಕೇಳಿದರೆ ಹುಡುಗ ಒಮ್ಮೆ ಹೋಗಿ ನೋಡಿ ಬರಬೇಕಾಗುತ್ತದೆ. ಮೂರೂ ಇತಿಹಾಸದ ಪ್ರಶ್ನೆಗಳೇ. ನಮ್ಮ ಪತ್ರಿಕೆಗಳಲ್ಲಿ ಮೊದಲನೆಯ ಬಗೆಯದು ಹೇರಳ, ಮೂರನೆಯದು ಅಪರೂಪ.

ಇನ್ನು ಕಮಲಾಪುರಕ್ಕೆ ಬರೋಣ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯ ಈ ಊರು ಹೊರಗಿನವರಿಗೆ ಕೆಂಪು ಬಾಳೆಹಣ್ಣಿನಿಂದ ಗೊತ್ತು. ಮಾಸ್ತರರಿಗೆ ಡಯಟ್‌ನಿಂದ ಗೊತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಜಿಲ್ಲೆಗೊಂದರಂತೆ ತೆರೆದ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಲ್ಲಿ ಕಲಬುರಗಿ ಜಿಲ್ಲೆಯದು ಕಮಲಾಪುರದಲ್ಲಿದೆ. ಡಯಟ್ ಯೋಜನೆಯಲ್ಲಿ ಹೇಳಿದ ಏಳು ವಿಭಾಗಗಳಲ್ಲಿ ಒಂದು ಪಠ್ಯಕ್ರಮ, ಬೋಧನ ಸಾಮಗ್ರಿ ಮತ್ತು ಮೌಲ್ಯಮಾಪನಕ್ಕೇ ಮೀಸಲು. ಪಾಠ, ಸಾಮಗ್ರಿ, ಪರೀಕ್ಷೆ ಮೂರನ್ನೂ ಒಂದೇ ಕೋಣೆಯಲ್ಲಿ ಕೂತು ಯೋಚಿಸಬೇಕು, ಅದೂ ಜಿಲ್ಲೆಯಲ್ಲೇ ಆಗಬೇಕು ಎಂಬ ಆ ಕಲ್ಪನೆ ಸಣ್ಣದಲ್ಲ.

ಅದು ಏಕೆ ಬೇಕು ಎಂಬುದಕ್ಕೆ ಒಂದು ಲೆಕ್ಕ ನೋಡಿ. 52ರಲ್ಲಿ 27 ಕಳೆಯಲು ಹೇಳಿದರೆ ಮೂರನೆಯ ತರಗತಿಯ ಮಗು 35 ಎಂದು ಬರೆಯುತ್ತದೆ. ತಪ್ಪು ಎಂದು ಕೆಂಪು ಗೆರೆ ಎಳೆದರೆ ಅದು ಪರೀಕ್ಷೆ. ಆದರೆ ಮಗು ಮನಸ್ಸಿಗೆ ಬಂದದ್ದನ್ನು ಬರೆದಿಲ್ಲ. ಎರಡರಲ್ಲಿ ಏಳು ಹೋಗುವುದಿಲ್ಲವೆಂದು ಏಳರಲ್ಲಿ ಎರಡನ್ನು ಕಳೆದಿದೆ. ಹತ್ತರ ಸ್ಥಾನದಲ್ಲಿ ಐದರಲ್ಲಿ ಎರಡು ಹೋಗಿ ಮೂರು. ಅದಕ್ಕೆ ದಶಕ ತೆಗೆದುಕೊಳ್ಳುವುದು ಬಂದಿಲ್ಲ, ಅಷ್ಟೆ. ಇದನ್ನು ಕಂಡುಹಿಡಿಯುವುದು ನೈದಾನಿಕ ಪರೀಕ್ಷೆ, ಅದರ ಮೇಲೆ ಮಾಡುವ ಪಾಠ ಪರಿಹಾರ ಬೋಧನೆ. ಕಲಿಯುತ್ತಿರುವಾಗಲೇ ಮಾಡುವ ಅಳತೆಯನ್ನು ರೂಪಣಾತ್ಮಕ, ಕಲಿತು ಮುಗಿದ ಮೇಲಿನದನ್ನು ಸಂಕಲನಾತ್ಮಕ ಎಂದು ಬೇರ್ಪಡಿಸಿ ಹೆಸರಿಟ್ಟವರು ಮೈಕೆಲ್ ಸ್ಕ್ರಿವೆನ್, 1967ರಲ್ಲಿ. ಕನ್ನಡದಲ್ಲಿ ಮಾತ್ರ ‘ಮೌಲ್ಯಮಾಪನ’ ಎಂದೊಡನೆ ಜನರಿಗೆ ನೆನಪಾಗುವುದು ಬೇಸಿಗೆಯಲ್ಲಿ ಪೊಲೀಸ್ ಕಾವಲಿನಲ್ಲಿ ಉತ್ತರ ಪತ್ರಿಕೆ ತಿದ್ದುವ ಕೇಂದ್ರ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿಯಲ್ಲಿ ಮಗು ಕಲಿಕೆಯ ಏಣಿಯನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಯಾವ ಮೆಟ್ಟಿಲಲ್ಲಿದೆ ಎಂಬುದನ್ನು ಅಕ್ಕೋರು, ಮಾಸ್ತರರು ದಿನವೂ ನೋಡುತ್ತಾರೆ. ಗುಂಪಿನಿಂದ ಗುಂಪಿಗೆ ಏರುತ್ತಿದ್ದ ಬಳ್ಳಾರಿಯ ಹುಡುಗ, ಅಂಗೈ ಮೇಲಿನ ಏಟುಗಳಿಲ್ಲದೆ, ಮತ್ತೆ ಬಂದಂತಾಯಿತು. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಕಾನೂನೇ ಮಾಡಿತು. ಆದರೆ ಅದು ಬಹಳ ಕಡೆ ನಮೂನೆ ತುಂಬುವ ಕೆಲಸವಾಗಿ ಇಳಿಯಿತು. ಹುಡುಗರನ್ನು ನೋಡಬೇಕಾದ ಹೊತ್ತಿನಲ್ಲಿ ಮಾಸ್ತರರು ಪ್ರಪತ್ರ ನೋಡತೊಡಗಿದರು.

ನಂತರ ಗಡಿಯಾರದ ಲೋಲಕ ಮತ್ತೆ ಆ ಕಡೆ ಹೋಯಿತು. 2019ರ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಗೆ ಪರೀಕ್ಷೆಯ ದಾರಿ ತೆರೆಯಿತು. 2023ರಲ್ಲಿ ರಾಜ್ಯ ಅದನ್ನು ‘ಮೌಲ್ಯಾಂಕನ’ ಎಂಬ ಮೃದುವಾದ ಹೆಸರಿನಲ್ಲಿ ತಂದಿತು. ವಿವಾದ ಹೈಕೋರ್ಟಿಗೆ ಹೋಗಿ, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ಕೊಟ್ಟಿತು. ಹೆಸರು ಬದಲಾದರೂ ಮಗುವಿಗೆ ಅದು ಪರೀಕ್ಷೆಯೇ.

ಎಸ್ಸೆಸ್ಸೆಲ್ಸಿಯ ಅಳತೆಗೋಲೂ ಒಂದೇ ಆಗಿ ನಿಂತಿಲ್ಲ. 2021ರಲ್ಲಿ ಕೋವಿಡ್ ಕಾರಣ ಎರಡು ದಿನದ ಬಹು ಆಯ್ಕೆಯ ಪರೀಕ್ಷೆ ನಡೆದು ಬಹುತೇಕ ಎಲ್ಲರೂ ಪಾಸಾದರು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಬಂತು. ನಕಲು ನಿಂತು ಫಲಿತಾಂಶ ಕುಸಿದಾಗ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರು. ಮರುವರ್ಷ ಅದನ್ನು ತೆಗೆದರು. ಕಲಬುರಗಿಯ 42.43 ಬಂದದ್ದು ಆ ವರ್ಷ. ಹಾಗಾಗಿ ಜಿಲ್ಲೆಯ ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರು ಎನ್ನುವುದು ತಪ್ಪು. ಹಿಂದಿನ ವರ್ಷಗಳಲ್ಲಿ ಮರೆಯಾಗಿದ್ದದ್ದು ಕಾಣಿಸಿಕೊಂಡಿತು ಎನ್ನುವುದು ಹೆಚ್ಚು ಸರಿ.

ಪರೀಕ್ಷಾ ಮಂಡಲಿಯ ನಿಯಮದಂತೆ ಶುಲ್ಕ ಕಟ್ಟಿದ ವಿದ್ಯಾರ್ಥಿಗೆ ತನ್ನ ಉತ್ತರ ಪತ್ರಿಕೆಯ ಪ್ರತಿ ಸಿಗುತ್ತದೆ. ಹಣ ಕಟ್ಟುವವರಲ್ಲಿ ಒಂದೆರಡು ಅಂಕದ ಆಸೆಯಿರುವ ಜಾಣ ಮಕ್ಕಳೇ ಹೆಚ್ಚು. ಹದಿನೆಂಟು ಅಂಕ ಪಡೆದ ಹುಡುಗಿ ಅದನ್ನು ತರಿಸುವುದಿಲ್ಲ. ಅವಳು ಎಲ್ಲಿ ತಪ್ಪಿದಳು, ಐದರಲ್ಲಿ ಎರಡು ಕಳೆದು ಮೂರು ಎಂದದ್ದು ಅಲ್ಲಿಯೂ ಇದೆಯೋ ಎಂಬ ವಿವರವೆಲ್ಲ ಅವಳದೇ ಅಕ್ಷರದಲ್ಲಿ ಆ ಹಾಳೆಗಳಲ್ಲಿದೆ. ಅವಳ ಮಾಸ್ತರರಿಗೆ ಬಂದು ಸೇರುವುದು ಹದಿನೆಂಟು ಎಂಬ ಅಂಕಿ ಮಾತ್ರ.